ಇಬ್ಬರ ಹೆಸರಿನ ಒಲೆ

“ಅಮ್ಮಾ, ವಿಜಯತ್ತೆ ಮನೇಲಿ ಮಾಮ ಯಾರು?”

ಮಗಳ ತಲೆಗೆ ಎಣ್ಣೆ ತಿಕ್ಕುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ತೇನ್‌ಮೊಳಿಗೆ ಐದು ವರ್ಷ. ಹಿಂದಿನ ದಿನ ಶಾಲೆಯಲ್ಲಿ ಟೀಚರು ‘ಕುಟುಂಬ’ ಎಂಬ ಪಾಠ ಮಾಡಿ, ಪ್ರತಿ ಮನೆಗೂ ಒಬ್ಬ ಅಪ್ಪ, ಒಬ್ಬ ಅಮ್ಮ ಎಂದು ಹೇಳಿಕೊಟ್ಟು ಕಳಿಸಿದ್ದರು. ಮಗು ಆ ಪಾಠ ಹಿಡಿದುಕೊಂಡು ಬೀದಿಯ ಆ ತುದಿಯಿಂದ ಮನೆಗೊಬ್ಬ ಗಂಡಸನ್ನು ಹಂಚಿಕೊಂಡು ಬಂದಿದ್ದಳು. ವಿಜಯತ್ತೆಯ ಮನೆಗೆ ಬರುವಾಗ ಗಂಡಸು ಸಾಲಲಿಲ್ಲ.

“ಅಲ್ಲಿ ಮಾಮ ಇಲ್ಲ ಕಣ್ಣು. ತಾತ ಹೋದ ಮೇಲೆ ವಿಜಯತ್ತೆ, ರಾಮಾತ್ತೆ, ಅಷ್ಟೇ.”

“ಎರಡು ಅತ್ತೆಗೆ ಒಂದು ಮಾಮ ಕೂಡಾ ಇಲ್ವಾ? ಪಾವಂ!”

ಜಗಲಿಯಲ್ಲಿ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದ ನನ್ನ ಅತ್ತೆ ಜಾನಕಿಯಮ್ಮ ತಲೆ ಎತ್ತದೆ ಹೇಳಿದರು: “ಯಾರು ಪಾವಂ? ಆ ಮನೇಲಿ ಒಂದು ದಿನ ಒದ್ದೆ ಟವಲ್ಲು ಹಾಸಿಗೆ ಮೇಲೆ ಬಿದ್ದಿದ್ದು ನಾನು ಕಂಡಿಲ್ಲ.”

ಕರುಮತ್ತಂಪಟ್ಟಿಯ ನಮ್ಮ ಬೀದಿಯಲ್ಲಿ ವಿಜಯಕುಮಾರಿಯ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ರೊಫೆಸರಕ್ಕ ಎನ್ನಬೇಕು. ಕೊಯಮತ್ತೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ರಾಜ್ಯಶಾಸ್ತ್ರದ ಲೆಕ್ಚರರ್. ಪ್ರೊಫೆಸರ್ ಎಂಬ ಬಡ್ತಿ ಕೊಟ್ಟದ್ದು ಕಾಲೇಜಲ್ಲ, ನಮ್ಮ ಬೀದಿ. ನಲವತ್ತು ದಾಟಿದ ವಯಸ್ಸು, ಗುಂಡು ಮುಖ, ದಪ್ಪ ಗಾಜಿನ ಕನ್ನಡಕ, ಎಂದೂ ಸಮವಾಗಿ ಕೂರದ ಸೀರೆಯ ನೆರಿಗೆ. ನೀರಿನ ಕೊಡ ಹೊತ್ತವರನ್ನು ನಡುಬೀದಿಯಲ್ಲಿ ನಿಲ್ಲಿಸಿಕೊಂಡು ಪ್ರಜಾಪ್ರಭುತ್ವದ ಬಗ್ಗೆ ಮಾತಾಡುವುದು ಅವರ ಕೆಟ್ಟ ಚಾಳಿ. ಕೊಡ ನನ್ನ ಸೊಂಟದ ಮೇಲೆ, ಪ್ರಜಾಪ್ರಭುತ್ವ ಅವರ ನಾಲಿಗೆಯ ಮೇಲೆ. ಎರಡರಲ್ಲಿ ಯಾವುದು ಭಾರ ಎಂದು ಕೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಮ್ಮ ಮನೆಗೆ ಬರುವ ಪೇಪರನ್ನು ನಾವು ಬಿಡಿಸುವ ಮುಂಚೆ ಓದಿ, ಅಂಚಿನಲ್ಲಿ ‘ಸುಳ್ಳು’ ಎಂದು ಪೆನ್ಸಿಲಿನಲ್ಲಿ ಬರೆದು ವಾಪಸು ಇಟ್ಟು ಹೋಗುತ್ತಾರೆ.

ರಾಮಾತಾಳ್ ಅನ್ನೂರಿನ ಕಡೆಯ ಬೇಸಾಯದ ಮನೆಯ ಹೆಣ್ಣು. ಮನೆಮಾತು ನಮ್ಮಂತೆ ಕನ್ನಡವೇ. ಸೋದರಮಾವನಿಗೆ ಕೊಟ್ಟು ಮದುವೆ ಮಾಡುತ್ತೇವೆ ಎಂದು ಮನೆಯಲ್ಲಿ ಅರಿಸಿನ ಅರೆಯುತ್ತಿದ್ದಾಗ ಟೌನ್ ಬಸ್ ಹತ್ತಿ ಬಂದವಳು. ಆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದವರು ಪ್ರೊಫೆಸರಕ್ಕ. “ಇವಳು ಅಳ್ತಾ ಇದ್ಲು. ನಾನು ಸಮಾಧಾನಕ್ಕೆ ಸಂವಿಧಾನ ಹೇಳಿಕೊಟ್ಟೆ. ಅಳು ನಿಂತಿತು, ನಿದ್ದೆ ಬಂತು,” ಎಂದು ಅವರೇ ಹೇಳುತ್ತಾರೆ. ಈಗ ರಾಮಕ್ಕ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಓವರ್‌ಲಾಕ್ ಮೆಷಿನ್ನಿನಲ್ಲಿ ಹೊಲಿಯುತ್ತಾಳೆ. ಸಂಜೆ ಬರುವಾಗ ತಲೆತುಂಬ ಹತ್ತಿಯ ಧೂಳು, ಸುಮ್ಮನೆ ನೋಡಿದರೆ ಮುದುಕಿ.

ಬೆಳಗ್ಗೆ ಒಬ್ಬರಿಗೆ ಪಡುವಣ ಬಸ್ಸು, ಒಬ್ಬರಿಗೆ ಮೂಡಣ ಬಸ್ಸು. ಹೆದ್ದಾರಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಲಾರಿಗಳ ನಡುವೆ ಸಂದು ಸಿಕ್ಕಾಗಲೆಲ್ಲ ಕೂಗಾಡುತ್ತಾರೆ.

“ವಿಜಯಾ, ಕೊಡೆ ತಗೊಂಡ್ಯಾ?”

“ಹಾಲಿಗೆ ಮುಚ್ಚಳ ಹಾಕಿದ್ಯಾ?”

ಹತ್ತು ಹನ್ನೆರಡು ವರ್ಷದಿಂದ ಅವರಿಬ್ಬರು ಹೀಗೆ. ಬೀದಿ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ನೆಮ್ಮದಿಯಾಗಿತ್ತು. ಒಂದು ಮನೆಯವರಿಗೆ ರಾಮಕ್ಕ ದೂರದ ನೆಂಟಳು, ಇನ್ನೊಂದು ಮನೆಯವರಿಗೆ ಬಾಡಿಗೆಯವಳು, ಮತ್ತೊಂದು ಮನೆಯವರಿಗೆ ಅಡುಗೆಯವಳು. ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಇಲ್ಲಿನ ನಾಜೂಕು ತಿಳಿಯದೆ, ನಾನು ನೇರವಾಗಿ ಕೇಳಿಬಿಟ್ಟಿದ್ದೆ: “ರಾಮಕ್ಕ ನಿಮಗೆ ಏನಾಗಬೇಕು?”

ಪ್ರೊಫೆಸರಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಏನೇನಾಗಬೇಕೋ ಅದೆಲ್ಲಾ ಆಗಿದ್ದಾಳೆ. ಇನ್ನೇನಾದ್ರೂ ಕೇಳೋದಿದೆಯಾ, ಕೊಳ್ಳೇಗಾಲ?”

ಅಂದಿನಿಂದ ನನ್ನ ಹೆಸರು ಕೊಳ್ಳೇಗಾಲ.

ಅವರ ಪಾಠವನ್ನು ಕೇಳಲು ನಾನು ಕಾಲೇಜಿಗೆ ಹೋಗಬೇಕಾಗಿರಲಿಲ್ಲ. ಭಾನುವಾರ ಅವರ ಜಗಲಿಗೆ ಆರೇಳು ಹುಡುಗಿಯರು ಬಸ್ಸಿನಲ್ಲಿ ಬರುತ್ತಿದ್ದರು. ನಾನು ಅವರೆಕಾಯಿ ಬಿಡಿಸುವ ನೆಪದಲ್ಲಿ ಮೂಲೆಯಲ್ಲಿ ಕೂರುತ್ತಿದ್ದೆ. ಒಂದು ಸಲ ಪ್ರೊಫೆಸರಕ್ಕ, “ಇವತ್ತು ತಿಂಡಿ ಏನು ಅನ್ನೋದನ್ನ ಓಟು ಹಾಕಿ ತೀರ್ಮಾನ ಮಾಡೋಣ. ಆದರೆ ಒಂದು ಕಾನೂನು. ಮದುವೆ ಆಗದವರಿಗೆ ಓಟಿಲ್ಲ,” ಎಂದರು. ಎತ್ತಿದ್ದ ಕೈಗಳೆಲ್ಲ ಇಳಿದವು. ಮಡಿಲಲ್ಲಿ ಮಗು ಇಟ್ಟುಕೊಂಡಿದ್ದ ನನ್ನ ಕೈ ಒಂದೇ ಉಳಿಯಿತು.

“ನೋಡ್ರಮ್ಮಾ, ಇವತ್ತು ದೇಶ ಆಳೋದು ಕೊಳ್ಳೇಗಾಲ. ಏನು ತಿಂಡಿ?”

ನಾನು ಜಂಬದಿಂದ ಬಾಳೆಕಾಯಿ ಬಜ್ಜಿ ಎಂದೆ. ಮಾಡಬೇಕಾದವಳೂ ನಾನೇ ಎಂಬುದು ಬಾಣಲೆ ಇಟ್ಟ ಮೇಲೆ ಹೊಳೆಯಿತು. ಒಳಗೆ ನಾನು ಬೇಯುತ್ತಿದ್ದರೆ, ಹೊರಗೆ ಅವರು “ನೋಡಿ, ಓಟು ಇದ್ದ ಮಾತ್ರಕ್ಕೆ ಏನೂ ಆಗಲಿಲ್ಲ,” ಎಂದು ಪಾಠ ಮುಂದುವರಿಸಿದ್ದು ಕೇಳಿಸಿತು.

ಅದೇ ದಿನ ಒಬ್ಬ ಹುಡುಗಿ ಬಜ್ಜಿ ಕೈಯಲ್ಲಿ ಹಿಡಿದು ಅಂಜುತ್ತ ಕೇಳಿದಳು. “ಮಿಸ್, ಜಾಸ್ತಿ ಜನ ಹೇಳಿದ್ದು ನಡೀಬೇಕು ಅಲ್ವಾ? ಹಾಗಿದ್ಮೇಲೆ... ಅಂಥವರು... ಅವರು ತುಂಬಾ ಕಮ್ಮಿ ಜನ ಅಲ್ವಾ ಮಿಸ್?”

“ಅಂಥವರು ಅಂದ್ರೆ ಎಂಥವರು? ಬಾಯಲ್ಲಿ ಬಜ್ಜಿ ಇದ್ರೆ ನುಂಗಿ ಹೇಳು.”

“ಗಂಡಸಿನ ಜೊತೆ ಗಂಡಸು... ಹೆಂಗಸಿನ ಜೊತೆ...”

“ಹಾಂ. ಕಮ್ಮಿ ಜನ ಅಂತ ನಿನಗೆ ಯಾರು ಹೇಳಿದ್ದು? ಎಣಿಸಿದವರು ಯಾರು? ಎಣಿಸೋದಕ್ಕೆ ಬಂದವನು ಬಾಗಿಲಲ್ಲಿ ನಿಂತು ‘ಯಜಮಾನ ಯಾರು’ ಅಂತಾನೆ. ಆ ಪ್ರಶ್ನೆಗೆ ಉತ್ತರ ಇಲ್ಲದ ಮನೆಯವರು ಯಾರ ಎಣಿಕೆಗೂ ಸಿಗಲ್ಲ. ಯಾರ ಕೈ ಜಾಸ್ತಿ ಅನ್ನೋದು ಆಮೇಲಿನ ಮಾತು ಕಣೇ. ಯಾರು ಕೈ ಎತ್ತಬಹುದು ಅನ್ನೋದೇ ಮೊದಲ ಜಗಳ. ಪ್ರಜಾಪ್ರಭುತ್ವ ಅಂದ್ರೆ ಆ ಜಗಳ ನಿಲ್ಲದೇ ಇರೋದು.”

ಹುಡುಗಿ ಬಜ್ಜಿ ನುಂಗಿದಳು. ಅರ್ಥವಾಯಿತೋ ಇಲ್ಲವೋ. ನನಗೆ ಅವತ್ತು ಅರ್ಧ ಅರ್ಥವಾಯಿತು.

ಈ ಜಗಳದ ಮೇಲೆಯೇ ಅವರ ಸಂಶೋಧನೆ. ಎಂಟು ವರ್ಷದಿಂದ ಬರೆಯುತ್ತಿದ್ದಾರೆ, ಮುಗಿಯುವ ಲಕ್ಷಣವಿಲ್ಲ. ಅಪ್ಪ, ಅಮ್ಮ, ಮಕ್ಕಳು ಎಂಬ ಲೆಕ್ಕಕ್ಕೆ ಸಿಗದೆ ಬದುಕುವ ಜನ ತಮ್ಮೊಳಗೆ ಹೇಗೆ ತೀರ್ಮಾನ ಮಾಡುತ್ತಾರೆ, ಯಾರನ್ನು ಮುಂದಾಳು ಮಾಡುತ್ತಾರೆ, ಸರ್ಕಾರದ ಮುಂದೆ ಹೇಗೆ ಮಾತಾಡುತ್ತಾರೆ ಎಂಬುದು ವಿಷಯ. ಮೇಲ್ವಿಚಾರಣೆಯ ದೊಡ್ಡ ಪ್ರೊಫೆಸರರು ಮೊದಲ ಅಧ್ಯಾಯ ಓದಿ, “ಇದು ರಾಜಕೀಯ ಅಲ್ಲಮ್ಮಾ, ಆರೋಗ್ಯ ಇಲಾಖೆಯ ವಿಷಯ,” ಎಂದರಂತೆ. “ಹಾಗಾದರೆ ಸರ್, ಮಂತ್ರಿಗಳನ್ನೂ ಅಲ್ಲಿಗೇ ಸೇರಿಸಿಬಿಡೋಣ,” ಎಂದು ಇವರು ಹೇಳಿ ಬಂದರು. ಆ ಒಂದು ಮಾತಿಗೆ ಎರಡು ವರ್ಷ ಹಿಂದೆ ಬಿದ್ದರು.

ಸಿಂಗಾನಲ್ಲೂರಿನ ಕಡೆ ಒಂದು ಮನೆಯಲ್ಲಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಅಕ್ಕಂದಿರು ಒಟ್ಟಿಗೆ ಇದ್ದಾರೆ. ಪ್ರೊಫೆಸರಕ್ಕ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದರು. ಅವರ ಪಂಚಾಯಿತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು ಮಾತಾಡಿ ಮುಗಿಸುವವರೆಗೆ ಹಿರಿಯಳು ಬಾಯಿ ಬಿಡುವಂತಿಲ್ಲ ಎಂದು ಬೆರಗಾಗಿ ಬಂದು ಹೇಳಿದ್ದರು. “ನಮ್ಮ ಕಾಲೇಜ್ ಕಮಿಟಿಗಿಂತ ಎಷ್ಟೋ ಮೇಲು ಕೊಳ್ಳೇಗಾಲ. ನಮ್ಮಲ್ಲಿ ಚಿಕ್ಕವಳು ಕಾಫಿ ತರ್ತಾಳೆ.” ಒಂದು ಸಲ ಮಾತ್ರ ಅಲ್ಲಿಂದ ಬಂದವರು ಯಾರನ್ನೂ ಬೀದಿಯಲ್ಲಿ ನಿಲ್ಲಿಸಲಿಲ್ಲ. ಏನಾಯಿತೆಂದು ರಾಮಕ್ಕನಿಂದ ತಿಳಿಯಿತು. ಅಲ್ಲಿನ ಹಿರಿಯಕ್ಕ ಕೇಳಿದ್ದಳಂತೆ: “ನಮ್ಮನ್ನ ಇಷ್ಟು ಬರ್ಕೊಂಡ್ರಿ. ನಿಮ್ಮನ್ನ ಯಾರು ಬರ್ಕೊಳ್ಳೋದು?”

ಬೀದಿಗೆ ನಾಲ್ಕು ದಿನ ವಿಶ್ರಾಂತಿ ಸಿಕ್ಕಿತು.

ದೀಪಾವಳಿಯ ಐಪ್ಪಸಿ ತಿಂಗಳಲ್ಲಿ, ಅದೇ ಮನೆಯಲ್ಲಿದ್ದ ಪ್ರೊಫೆಸರಕ್ಕನ ತಂದೆ ರಾಮಲಿಂಗಂ ಮಾಮ ತೀರಿಕೊಂಡರು. ಅಲ್ಲಿಂದ ಶುರುವಾಯಿತು.

ನಮ್ಮ ಬೀದಿಯ ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಮನೆಗಳು ನಮ್ಮವು, ಆದರೆ ನೆಲ ಚೌಡಮ್ಮನ ಗುಡಿಯದು. ಆ ನೆಲದ ಮೇಲೆ ಇರುವ ಹಕ್ಕು ಒಲೆ ಉರಿಸುವವರಿಗೆ. ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳ ಒಂದು ಶುಕ್ರವಾರ, ಅಮ್ಮನ ಪೊಂಗಲಿಗೆ, ಪ್ರತಿ ಒಲೆಯಿಂದ ಒಂದು ಕೆಂಡ ತಂದು ಗುಡಿಯ ದೊಡ್ಡ ಒಲೆಗೆ ಹಾಕಬೇಕು. ಕೆಂಡ ಹಾಕಿದ ಮನೆಗೆ ಕೂಟದಲ್ಲಿ ಒಂದು ಮಾತು, ನೆಲದ ಮೇಲೆ ಇನ್ನೊಂದು ವರ್ಷ. ಹಾಕುವಾಗ ಗುಡಿಯ ಎಜಮಾನರು ಆ ಒಲೆಯ ಹೆಸರು ಕೂಗುತ್ತಾರೆ. ಗಂಡನ ಹೆಸರು, ಹೆಂಡತಿಯ ಹೆಸರು, ಎರಡೂ. ವರ್ಷಕ್ಕೊಮ್ಮೆ ಆ ಒಂದು ಕ್ಷಣ ನಮ್ಮ ಹೆಂಗಸರ ಹೆಸರುಗಳಿಗೆ ಗುಡಿಯೊಳಗೆ ಪ್ರವೇಶ. ಮಿಕ್ಕ ದಿನ ನಾವು ಇಂಥವರ ಮನೆಯವರು. ಹೆಂಡತಿ ಸತ್ತು ಇಪ್ಪತ್ತು ವರ್ಷವಾಗಿದ್ದರೂ ರಾಮಲಿಂಗಂ ಮಾಮನ ಕೆಂಡಕ್ಕೆ ಆಕೆಯ ಹೆಸರನ್ನು ಕೂಗುತ್ತಲೇ ಇದ್ದರು. ಸತ್ತ ಹೆಂಡತಿಗೂ ಲೆಕ್ಕ ಉಂಟು.

ಬೀದಿಗೆ ಗ್ಯಾಸ್ ಬಂದ ಮೇಲೆ ಕೆಂಡಕ್ಕೆ ತಾಪತ್ರಯವಾಯಿತು. ಗ್ಯಾಸಿನ ಮನೆಯವರು ತೆಂಗಿನ ಚಿಪ್ಪನ್ನು ಬರ್ನರಿನ ಮೇಲೆ ಇಟ್ಟು, ಕೆಂಪಗಾಗುವವರೆಗೆ ಸುಟ್ಟು, ಇಕ್ಕಳದಲ್ಲಿ ಹಿಡಿದು ಓಡಿ ಬರುತ್ತಿದ್ದರು. ಎಲ್ಲರಿಗೂ ಗೊತ್ತು, ಯಾರೂ ಆಡುತ್ತಿರಲಿಲ್ಲ. ಚೌಡಮ್ಮನೂ ಆಡಲಿಲ್ಲ.

ರಾಮಲಿಂಗಂ ಮಾಮನ ಒಲೆ ಅವರೊಂದಿಗೆ ಆರಿತು ಎಂದು ತೀರ್ಮಾನವಾದರೆ, ನೆಲ ಗುಡಿಗೆ ವಾಪಸು. ಪ್ರೊಫೆಸರಕ್ಕನೂ ರಾಮಕ್ಕನೂ ಉಟ್ಟಬಟ್ಟೆಯಲ್ಲಿ ಎದ್ದು ಹೋಗಬೇಕು. ಆ ನೆಲಕ್ಕೆ ಶಣ್ಮುಗಂ ಬಾಯಿ ತೆರೆದುಕೊಂಡು ಕೂತಿದ್ದ. ಎಡಗಡೆ ಅವನ ಮಗ್ಗದ ಶೆಡ್ಡು, ಬಲಗಡೆ ಅವನ ಮಗ್ಗದ ಶೆಡ್ಡು. ನಡುವೆ ಈ ಮನೆ, ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ. ಅವನ ನಾಲಿಗೆ ಸದಾ ಅಲ್ಲೇ. ನಮ್ಮ ಬೀದಿಯ ಬಹುಪಾಲು ಮನೆಗಳಿಗೆ ನೂಲು ಕೊಟ್ಟು ಕೂಲಿಗೆ ನೇಯಿಸುವವನೂ ಅವನೇ. ನನ್ನ ಗಂಡ ಚೆನ್ನಕೇಶವನ್‌ರ ಮಗ್ಗಗಳಲ್ಲಿ ಓಡುವುದೂ ಅವನ ನೂಲೇ.

ಪೊಂಗಲಿನ ಹಿಂದಿನ ಭಾನುವಾರ ಗುಡಿಯ ಮಂಟಪದಲ್ಲಿ ಕೂಟ ಸೇರಿತು. ಗಂಡಸರು ಮುಂದೆ, ನಾವು ಕಂಬಗಳ ಹಿಂದೆ. ಎಜಮಾನ ಲಿಂಗಪ್ಪನ್ ಎಲೆಯಡಿಕೆ ಮೆಲ್ಲುತ್ತ ನಡುವೆ. ಪ್ರೊಫೆಸರಕ್ಕ ಬಂದು ಕಂಬಗಳ ಹಿಂದೆ ಕೂರದೆ ಗಂಡಸರ ಸಾಲಿನ ಪಕ್ಕದಲ್ಲಿ ನಿಂತರು. ರಾಮಕ್ಕ ಅವರ ಬೆನ್ನಿಗೆ ಅಂಟಿಕೊಂಡು.

ಶಣ್ಮುಗಂ ಎದ್ದು ಹೆಗಲ ಟವಲು ಸರಿಮಾಡಿಕೊಂಡ. “ಎಜಮಾನ್ರೇ, ರಾಮಲಿಂಗಂ ಮಾಮ ದೇವ್ರಂಥ ಮನುಷ್ಯ. ಅವ್ರ ಜೊತೆ ಅವ್ರ ಒಲೆಯೂ ಹೋಯ್ತು. ಜಾಗ ಚುಮ್ಮಾ ಖಾಲಿ ಬಿದ್ದಿದೆ. ನಾಲ್ಕು ಮಗ್ಗ ಹಾಕಿದ್ರೆ ನಾಲ್ಕು ಜನಕ್ಕೆ ಅನ್ನ.”

“ನಾನು ಅಲ್ಲಿ ಮಲಗ್ತೀನಿ, ಏಳ್ತೀನಿ, ನಿನ್ನ ಮಗ್ಗದ ಸದ್ದಿಗೆ ದಿನಾ ಬೈತೀನಿ. ಚುಮ್ಮಾ ಎಲ್ಲಿ ಬಿದ್ದಿದೆ ಶಣ್ಮುಗಂ?”

“ಮಲಗಿದ್ರೆ ಆಗಲ್ಲಕ್ಕಾ, ಒಲೆ ಉರೀಬೇಕು. ನಿಮ್ಮ ಮನೇಲಿ ಒಲೆ ಎಲ್ಲಿ? ಇರೋದು ಗ್ಯಾಸು. ಗ್ಯಾಸು ಒಲೆನಾ? ಕಂಪನಿಯವನು ತಂದು ಉರುಳಿಸಿ ಹೋಗೋ ಡಬ್ಬ. ಬೂದಿ ಇಲ್ಲ, ಕೆಂಡ ಇಲ್ಲ. ಬೂದಿ ಇಲ್ಲದ್ದು ಒಲೆ ಅಲ್ಲ!”

ಮುಂದಿನ ಸಾಲಿನ ತಲೆಗಳು ಹೌದು ಹೌದು ಎಂದು ಆಡಿದವು. ಕಂಬದ ಹಿಂದಿನಿಂದ ನನ್ನ ಅತ್ತೆಯ ದನಿ ಬಂತು, ಕೇಳಿದ್ದು ಸಣ್ಣ ವಿಚಾರ ಎಂಬಂತೆ.

“ಏನಪ್ಪಾ ಶಣ್ಮುಗಂ, ದೀಪಾವಳಿಗೆ ನಿನ್ನ ಮನೆಗೂ ಡಬ್ಬ ಬಂತಲ್ಲ. ಮಾಲೆ ಹಾಕಿ, ಕರ್ಪೂರ ಹಚ್ಚಿ ಇಳಿಸ್ಕೊಂಡ್ಯಲ್ಲ. ಮೊನ್ನೆ ನಿನ್ನ ಹೆಂಡ್ತಿ ಬಂದು ನಮ್ಮನೆ ತೆಂಗಿನ ಚಿಪ್ಪು ಕೇಳಿ ಇಸ್ಕೊಂಡು ಹೋದ್ಲು. ಹಲ್ಲುಜ್ಜೋದಕ್ಕಾ?”

ಕಂಬಗಳ ಹಿಂದೆ ನಗು ಒಡೆಯಿತು. ಮುಂದಿನ ಸಾಲಿನಲ್ಲಿ ಆಡುತ್ತಿದ್ದ ತಲೆಗಳು ಆಡುತ್ತಿದ್ದಲ್ಲೇ ನಿಂತವು. ಮುಂದೆ ಕೂರುವವರೆಲ್ಲ ಅನುಕೂಲಸ್ಥರು. ಅನುಕೂಲಸ್ಥರ ಮನೆಯಲ್ಲೆಲ್ಲ ಗ್ಯಾಸು. ಗ್ಯಾಸು ಒಲೆ ಅಲ್ಲ ಎಂದು ಕಟ್ಟಳೆಯಾದರೆ, ಶುಕ್ರವಾರದ ಹೊತ್ತಿಗೆ ಅರ್ಧ ಬೀದಿಗೆ ನೆಲವಿಲ್ಲ, ಮಾತಿಲ್ಲ. ಮಾತು ಉಳಿಯುವುದು ಸೌದೆ ಊದುವವರಿಗೆ. ಎಂದರೆ ಶಣ್ಮುಗಂನ ಮಗ್ಗಗಳಲ್ಲಿ ದಿನಗೂಲಿಗೆ ನಿಲ್ಲುವವರಿಗೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವರು ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡರು.

ಲಿಂಗಪ್ಪನ್ ಉಗುಳಿ ಬಂದು ಒಂದೇ ಉಸಿರಿನಲ್ಲಿ ಹೇಳಿದರು: “ಗ್ಯಾಸೂ ಒಲೆನೇ. ಬೆಂಕಿ ಎಲ್ಲಿಂದ ಬಂದ್ರೇನು, ಅಮ್ಮನಿಗೆ ಎಲ್ಲಾ ಒಂದೇ. ಆ ಮಾತು ಬಿಡಿ.” ಅವರ ಮನೆಯಲ್ಲಿ ಎರಡು ಸಿಲಿಂಡರು.

ಆಮೇಲೆ ದನಿ ಮೆತ್ತಗೆ ಮಾಡಿ ಪ್ರೊಫೆಸರಕ್ಕನ ಕಡೆ ತಿರುಗಿದರು. “ನೋಡು ವಿಜಯಾ, ನೀನು ಈ ಬೀದೀಲಿ ಹುಟ್ಟಿದ ಹೆಣ್ಣು. ಒಲೆ ನಿನ್ನ ಹೆಸರಲ್ಲಿ ಇರಲಿ. ಅಪ್ಪನ ಹೆಸರು ಜೊತೆಗೆ ಕೂಗೋಣ. ಈ ಹುಡುಗಿ ಅಡುಗೆಯವಳು ಅಂತ ಒಂದು ಮಾತು ಹೇಳಿಬಿಡು. ಮುಗೀತು. ಎದ್ದು ಊಟಕ್ಕೆ ಹೋಗೋಣ.”

ಎಷ್ಟು ಸುಲಭ! ನಾನು ಕಂಬದ ಹಿಂದೆ ಕೂತು, ಹೇಳಿಬಿಡಕ್ಕಾ, ಹೇಳಿಬಿಡು ಎಂದು ಮನಸ್ಸಿನಲ್ಲೇ ಒತ್ತಾಯಿಸಿದೆ. ಒಂದು ಮಾತು, ಮನೆ ಉಳಿಯುತ್ತದೆ, ಇಬ್ಬರೂ ಅದೇ ಮನೆಯಲ್ಲಿ ಅದೇ ಹಾಲಿಗೆ ಮುಚ್ಚಳ ಹಾಕಿಕೊಂಡು ಇರುತ್ತಾರೆ. ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ?

ಪ್ರೊಫೆಸರಕ್ಕ ಗಂಟಲು ಸರಿಮಾಡಿಕೊಂಡರು. “ಮಕ್ಕಳಾಟ್ಚಿ ಅಂದ್ರೆ ಏನು...” ಎಂದು ತಮಿಳಿನಲ್ಲಿ ಶುರುವಾಯಿತು ಪಾಠ. ಜನರ ಆಳ್ವಿಕೆ, ಜನ ಅಂದರೆ ಯಾರು, ಯಾರನ್ನು ಬಿಟ್ಟು ಜನ. ಇಬ್ಬರು ಬೀಡಿಗೆಂದು ಎದ್ದರು. ಮೂರನೆಯವನು ಕೂತಲ್ಲೇ ನಿದ್ದೆ ಹೋದ. ರಾಮಕ್ಕ ಅವರ ಸೆರಗು ಜಗ್ಗಿ ಪಿಸುಗುಟ್ಟಿದಳು. ಮಂಟಪದಲ್ಲಿ ಪಿಸುಮಾತು ಎಲ್ಲರಿಗೂ ಕೇಳುತ್ತದೆ.

“ಅಡುಗೆಯವಳು ಅಂದ್ಬಿಡು ವಿಜಯಾ. ಕಂಪನೀಲಿ ನನ್ನ ಇದಕ್ಕಿಂತ ಕೆಟ್ಟದಾಗಿ ಕೂಗ್ತಾರೆ. ಮನೆ ಉಳಿದ್ರೆ ಸಾಕು.”

ಪಾಠ ನಿಂತಿತು. ಪ್ರೊಫೆಸರಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕನ್ನಡಕವಿಲ್ಲದ ಅವರ ಮುಖ ನಾನು ನೋಡಿದ್ದು ಅದೇ ಮೊದಲು. ಚಿಕ್ಕದಾಗಿ, ಯಾರೋ ಬೇರೆಯವರ ಹಾಗೆ ಕಂಡಿತು. ಮತ್ತೆ ಮಾತಾಡಿದಾಗ ಮನೆಯ ಕನ್ನಡದಲ್ಲಿ ಮಾತಾಡಿದರು.

“ಇಲ್ಲ ಎಜಮಾನ್ರೇ. ಇವಳು ಅಡುಗೆಯವಳಲ್ಲ. ನಮ್ಮಪ್ಪ ಹಾಸಿಗೆ ಹಿಡಿದಾಗ ಅವರ ಹೇಲು ಉಚ್ಚೆ ಬಳಿದೋಳು ಇವಳು. ನಾನಲ್ಲ. ನನಗೆ ವಾಕರಿಕೆ ಬರುತ್ತೆ, ನಾನು ಪಕ್ಕದಲ್ಲಿ ನಿಂತು ಪೇಪರ್ ಓದ್ತಿದ್ದೆ. ಸಂಬಳಕ್ಕೆ ಯಾರೂ ಅದನ್ನ ಮಾಡಲ್ಲ. ಒಲೆ ನಮ್ಮಿಬ್ಬರದು. ಎರಡು ಹೆಸರು ಕೂಗಿ, ಇಲ್ಲಾಂದ್ರೆ ಕೂಗಬೇಡಿ.”

“ಎರಡು ಹೆಂಗಸರ ಹೆಸರಿಗೆ ಒಂದು ಒಲೆಯಾ?” ಶಣ್ಮುಗಂ ಮತ್ತೆ ಎದ್ದ. “ಲೋಕದಲ್ಲಿ ಎಲ್ಲಾದ್ರೂ ಉಂಟಾ?”

“ಉಂಟು. ಎಂಟು ವರ್ಷದಿಂದ ಅದರ ಮೇಲೇ ಬರೀತಿದೀನಿ. ಓದಿ ಹೇಳಲಾ?”

“ಬೇಡ, ಬೇಡ!” ಎಂದಿತು ಇಡೀ ಕೂಟ. ಆ ದಿನ ಸರ್ವಾನುಮತದಿಂದ ಆದ ತೀರ್ಮಾನ ಅದೊಂದೇ.

“ಹಾಗಾದ್ರೆ ಕಟ್ಟಳೆ ಹೇಳಿ. ಒಂದು ಒಲೆ, ಎರಡು ಹೆಸರು. ಎರಡರಲ್ಲಿ ಒಂದಕ್ಕೆ ಮೀಸೆ ಇರಬೇಕು ಅಂತ ಎಲ್ಲಿದೆ?”

ಲಿಂಗಪ್ಪನ್ ಮತ್ತೆ ಎಲೆಯಡಿಕೆ ಹಾಕಿಕೊಂಡು ಮೆದ್ದರು. ಕಟ್ಟಳೆಯಲ್ಲಿ ಮೀಸೆಯ ಮಾತಿಲ್ಲ. ಇರಬೇಕೆಂದು ಯಾರಿಗೂ ತೋಚಿರಲಿಲ್ಲ. ಕೊನೆಗೆ ಅವರ ಮುಖದಲ್ಲಿ ಒಂದು ಸಣ್ಣ ನಗೆ ಮೂಡಿತು. ನನಗೆ ಆ ನಗೆ ಹಿಡಿಸಲಿಲ್ಲ.

“ಶರಿ. ಹಾಗಿದ್ರೆ ಇದು ಹೊಸ ಒಲೆ. ಹೊಸ ಒಲೆಗೆ ಸಾಕ್ಷಿ ಬೇಕು. ಬೀದಿಯ ಒಬ್ಬ ಮುತ್ತೈದೆ ಆ ಮನೇಲಿ ಎಲೆ ಹಾಕಿಸ್ಕೊಂಡು ಹೊಟ್ಟೆ ತುಂಬ ಉಣ್ಣಬೇಕು. ಇಬ್ಬರ ಕೈಯಡುಗೆಯೂ ಎಲೆ ಮೇಲೆ ಇರಬೇಕು. ಉಂಡೋಳು ಅಮ್ಮನ ಹೊಸಿಲಲ್ಲಿ ನಿಂತು, ಎಲ್ಲರೂ ಕೇಳೋ ಹಾಗೆ, ಇಬ್ಬರ ಹೆಸರು ಹಿಡಿದು ‘ಇವರ ಒಲೆಯಲ್ಲಿ ಉಂಡೆ’ ಅನ್ನಬೇಕು. ಶುಕ್ರವಾರ ಕೆಂಡ ಹಾಕೋದರೊಳಗೆ ಆದ್ರೆ ಒಲೆ. ಇಲ್ಲಾಂದ್ರೆ ಜಾಗ ಶಣ್ಮುಗಂಗೆ.”

ಹೊಸದಾಗಿ ಮದುವೆಯಾದವರು ಅಪ್ಪನ ಮನೆಯಿಂದ ಬೇರೆ ಒಲೆ ಹೂಡುವಾಗ ನಡೆಯುವ ಶಾಸ್ತ್ರ ಇದು. ಅಲ್ಲಿ ಗಂಡ ಎಲೆಯ ತುದಿಗೆ ಉಪ್ಪು ಬಡಿಸಿದರೆ ಅದೇ ಅವನ ಕೈಯಡುಗೆ ಎಂದು ಒಪ್ಪುತ್ತಾರೆ. ಹೆಂಗಸಿಗೆ ಆ ರಿಯಾಯಿತಿ ಇಲ್ಲ ಎಂದು ಲಿಂಗಪ್ಪನ್ ಎದ್ದು ಹೋಗುವಾಗ ನೆನಪಿಸಿದರು. ಮಂಟಪದಲ್ಲಿದ್ದ ಯಾವ ಮುತ್ತೈದೆಯೂ ತಲೆ ಎತ್ತಲಿಲ್ಲ. ಯಾರ ಗಂಡನ ಮಗ್ಗದಲ್ಲಿ ಶಣ್ಮುಗಂನ ನೂಲು ಇಲ್ಲ?

ಮನೆಗೆ ಬಂದು ಕೈಕಾಲು ತೊಳೆಯುವಾಗ ಅತ್ತೆ ನನಗೆ ಕೇಳುವಷ್ಟು ಮಾತ್ರ ಹೇಳಿದರು. “ನೀನು ಎಲ್ಲಿಗಾದ್ರೂ ಊಟಕ್ಕೆ ಹೋಗೋದಾದ್ರೆ ನನ್ನ ಕೇಳ್ಬೇಡ. ಕೇಳಿದ್ರೆ ನಾನು ಬೇಡ ಅನ್ಬೇಕಾಗುತ್ತೆ.” ನನ್ನ ಗಂಡ ಊಟಕ್ಕೆ ಕೂತು ಅರ್ಧ ಮುಗಿಸಿದರು. ಆಮೇಲೆ, “ಸಂಕ್ರಾಂತಿ ಕಳೆದು ಸೀಸನ್ನು. ಈಗ ನೂಲು ನಿಂತ್ರೆ ಕಷ್ಟ,” ಎಂದರು. ಅನ್ನಕ್ಕೆ ಸಾರು ಕಲಸುತ್ತ, “ಆದ್ರೂ ಅವನು ಹಾಗೆ ಕೇಳಬಾರದಿತ್ತು, ಲೋಕದಲ್ಲಿ ಉಂಟಾ ಅಂತ,” ಎಂದರು. ಯಾವ ಮಾತು ನನಗೆ, ಯಾವ ಮಾತು ಸಾರಿಗೆ ಎಂದು ತಿಳಿಯಲಿಲ್ಲ.

ತೇನ್‌ಮೊಳಿ ಹುಟ್ಟಿದಾಗ ಇಡೀ ಬೀದಿ “ಹೆಣ್ಣಾ?” ಎಂದು ಮುಖ ಸಣ್ಣದು ಮಾಡಿಕೊಂಡಿತ್ತು. ಪ್ರೊಫೆಸರಕ್ಕ ಬಂದು ತೊಟ್ಟಿಲೊಳಗೆ ಇಣುಕಿ, “ಒಳ್ಳೇದಾಯ್ತು, ನಮ್ಮ ಕಡೆ ಒಂದು ಓಟು ಜಾಸ್ತಿ,” ಎಂದಿದ್ದರು. ಮಗು ಹೊಟ್ಟೆನೋವಿಗೆ ಅರಚುವಾಗ ರಾಮಕ್ಕ ಕೆಲಸದಿಂದ ಬಂದವಳು ಮುಖವನ್ನೂ ತೊಳೆಯದೆ ಹೆಗಲಿಗೆ ಹಾಕಿಕೊಂಡು ಬೀದಿಯುದ್ದಕ್ಕೂ ಓಡಾಡುತ್ತಿದ್ದಳು. ನಾನು ಆ ಹೊತ್ತಿನಲ್ಲಿ ಎರಡು ತುತ್ತು ಉಣ್ಣುತ್ತಿದ್ದೆ. ಹೀಗೆ ನೆನೆಸಿಕೊಂಡರೆ ಒಂದು ತೀರ್ಮಾನಕ್ಕೆ ಬರುತ್ತೇನೆ. ಮಗ್ಗದ ಸದ್ದು ಕೇಳಿದರೆ ಇನ್ನೊಂದಕ್ಕೆ. ಸೋಮವಾರ, ಮಂಗಳವಾರ ಬಾವಿಗೆ ಹೋಗುವಾಗ ನಾನು ಸುತ್ತುದಾರಿ ಹಿಡಿದೆ.

ಬುಧವಾರ ಸಂಜೆ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಬಾಗಿಲ ಬಳಿ ಪ್ರೊಫೆಸರಕ್ಕ ನಿಂತಿದ್ದರು. ಮಾತಿಲ್ಲ. ಅವರು ಮಾತಿಲ್ಲದೆ ನಿಂತದ್ದು ಕಂಡು ನನಗೆ ಗಾಬರಿಯಾಯಿತು. ಕೈಯಲ್ಲಿ ಒಂದು ಹೀರೆಕಾಯಿ.

“ಇದನ್ನ ಸಿಪ್ಪೆ ಸಮೇತ ಹಾಕೋದಾ?”

“ಹೆರೆಯಬೇಕಕ್ಕಾ. ಮೇಲಿನ ಏಣು ತೆಗೀಬೇಕು.”

“ಒಳಗಿನ ಬೀಜ?”

“ಎಳೇದಾದ್ರೆ ಇರಲಿ.”

“ಎಳೇದು ಅಂತ ಹೇಗೆ ಗೊತ್ತಾಗುತ್ತೆ?”

ಅದನ್ನು ಕೈಗೆ ತೆಗೆದುಕೊಂಡು ಉಗುರು ಊರಿ ತೋರಿಸಿದೆ. ಅವರು ಕನ್ನಡಕ ಏರಿಸಿ, ಪರೀಕ್ಷೆಗೆ ಓದುವ ಹುಡುಗಿಯ ಹಾಗೆ ನೋಡಿದರು. ಸೆರಗಿನ ಅಂಚಿಗೆ ಅರಿಸಿನ, ಎಡಗೈ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ. ಆಗಲೇ ಒಂದು ಸಲ ಅಭ್ಯಾಸ ನಡೆದಿದೆ ಎಂದು ಗೊತ್ತಾಯಿತು.

“ನಾಲ್ಕು ಮನೆಗೆ ಹೋಗಿ ಬಂದೆ,” ಎಂದರು. “ಎಲ್ಲರೂ ಕಾಫಿ ಕೊಟ್ರು. ಕಾಫಿ ಕುಡಿದು ಕುಡಿದು ಹೊಟ್ಟೆ ಉರೀತಿದೆ.”

ಒಳಗಿನಿಂದ ಅತ್ತೆಯ ದನಿ, ಗೋಡೆಗೆ ಹೇಳಿದ ಹಾಗೆ: “ನಾಳೆ ಮಧ್ಯಾಹ್ನಕ್ಕೆ ನನಗೂ ಮಗುವಿಗೂ ರಾತ್ರಿ ಉಳಿದ ಪಳೇ ಅನ್ನ ಮಜ್ಜಿಗೆ ಸಾಕು. ಯಾರೂ ನಮಗೆ ಅಂತ ಅಡುಗೆ ಮಾಡ್ಬೇಡಿ.”

ಪ್ರೊಫೆಸರಕ್ಕ ಒಳಗಿನ ಕತ್ತಲ ಕಡೆ ಒಮ್ಮೆ ನೋಡಿ, ನನ್ನ ಪಕ್ಕದಲ್ಲಿ ಒದ್ದೆ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟರು. ಸೀರೆ ನೆನೆಯಿತು, ಅವರಿಗೆ ಅದರ ಪರಿವೆ ಇರಲಿಲ್ಲ.

“ಒಂದು ಉಪಕಾರ ಮಾಡ್ತೀಯಾ ತಾಯಿ? ನೂಲು ನಿಲ್ಲಬಹುದು, ಗೊತ್ತು. ನಿಲ್ಲಲ್ಲ ಅಂತ ಸುಳ್ಳು ಹೇಳಲ್ಲ. ಆಗಲ್ಲ ಅಂದ್ರೆ ಈಗಲೇ ಆಗಲ್ಲ ಅನ್ನು, ಕಾಫಿ ಮಾತ್ರ ಕೊಡ್ಬೇಡ. ನಾಳೆ ಮಧ್ಯಾಹ್ನ ನಮ್ಮನೆಗೆ ಊಟಕ್ಕೆ ಬಾ. ಅನ್ನ, ಹುಳಿ, ರಸ ಎಲ್ಲಾ ಅವಳದು, ಅದಕ್ಕೆ ಹೆದರಬೇಡ. ಪಲ್ಯ ನನ್ನದು. ಅದನ್ನೂ ಬಿಡದೆ ತಿನ್ನಬೇಕು, ಮುಖ ಕಿವುಚಬಾರದು. ಆಮೇಲೆ ಅಮ್ಮನ ಹೊಸಿಲಿಗೆ ಬಂದು ನಮ್ಮ ಹೆಸರು ಹೇಳು.”

ಹೀರೆಕಾಯಿಯನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡರು.

“ಅವಳ ಹೆಸರು ಮೊದಲು ಹೇಳು.”